ಶಾಲೆ, ಮೊಬೈಲ್ ಮತ್ತು ಮಕ್ಕಳ ಸುರಕ್ಷತೆ: ಪಾಲಕರು, ಶಿಕ್ಷಕರು ತಿಳಿದಿರಬೇಕಾದ ಸಂಗತಿಗಳು

ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಕೋಡ್ಲಾ ಸುತ್ತ ತೊಗರಿ ಹೊಲ, ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಇರುವ ಊರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೂ ಇದೇ ತಾಲ್ಲೂಕಿನಲ್ಲಿದೆ. ಈ ಭಾಗದ ಒಂದು ಶಾಲೆಯ ಮಕ್ಕಳು ಮಳಖೇಡಕ್ಕೆ ಪ್ರವಾಸ ಹೋದರು ಎಂದು ಇಟ್ಟುಕೊಳ್ಳೋಣ. ಕಾಗಿಣಾ ನದಿ ದಂಡೆಯ ಕೋಟೆ ನೋಡಿದರು, ನೇಮಿನಾಥ ಬಸದಿಯ ದರ್ಶನ ಮಾಡಿದರು. ಮಾಸ್ತರು ಉತ್ಸಾಹದಿಂದ ಇಪ್ಪತ್ತು ಫೋಟೊ ತೆಗೆದು ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಕೆಳಗೆ ಮಕ್ಕಳ ಹೆಸರು, ತರಗತಿ ಬರೆದರು. ಒಬ್ಬ ಪಾಲಕರು ಅದನ್ನು ಪುಣೆಯಲ್ಲಿರುವ ಸಂಬಂಧಿಕರಿಗೆ ಕಳಿಸಿದರು. ಇನ್ನೊಬ್ಬರು ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ ಊರಿನ ಹೆಸರೂ ಸೇರಿಸಿದರು.

ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೂ ಅಂದು ರಾತ್ರಿಯೊಳಗೆ ಎಲ್ಲೋ ಕುಳಿತ ಒಬ್ಬ ಅಪರಿಚಿತನಿಗೆ ಎಂಟನೇ ತರಗತಿಯ ಒಬ್ಬ ಹುಡುಗಿಯ ಮುಖ, ಹೆಸರು, ಶಾಲೆ, ಸಮವಸ್ತ್ರ, ಊರು ಎಲ್ಲವೂ ತಿಳಿದುಹೋಯಿತು. ಮರುದಿನ ಅವನು "ನಾನು ನಿಮ್ಮ ಶಾಲೆಯವನೇ, ಮಳಖೇಡ ಟ್ರಿಪ್ಪಿನಲ್ಲಿ ನಿನ್ನ ನೋಡಿದ್ದೆ" ಎಂದು ಸಂದೇಶ ಕಳಿಸಿದರೆ ಆ ಮಗು ನಂಬದೆ ಇರುವುದು ಕಷ್ಟ.

ಮಕ್ಕಳ ಆನ್‌ಲೈನ್ ಸುರಕ್ಷತೆ ಎಂದ ಕೂಡಲೇ ಮಕ್ಕಳಿಗೆ ಬುದ್ಧಿ ಹೇಳುವುದರಿಂದಲೇ ಮಾತು ಶುರುವಾಗುತ್ತದೆ. ಆದರೆ ಮಗುವಿನ ವಿವರವನ್ನು ಮೊದಲು ಹೊರಗೆ ಹಾಕುವವರು ಬಹಳ ಸಲ ದೊಡ್ಡವರೇ. ತೊಂದರೆ ಬಂದಾಗ ಮಗು ಬಾಯಿ ಬಿಡದಂತೆ ಹೆದರಿಸುವವರೂ ದೊಡ್ಡವರೇ. ಆದ್ದರಿಂದ ಶಾಲೆ, ಮನೆ, ಸಮಾಜದ ಸಂಘ ಮೂರೂ ತಮ್ಮ ತಮ್ಮ ಕೆಲಸವನ್ನು ಸರಿಮಾಡಿಕೊಳ್ಳಬೇಕು.

ಮೊಬೈಲ್ ಶಾಲೆಯೊಳಗೆ ಬಂದ ಬಗೆ

2020ಕ್ಕೆ ಮುಂಚೆ ಬಹುತೇಕ ಶಾಲೆಗಳಲ್ಲಿ ಮೊಬೈಲ್ ಕಂಡರೆ ಕಸಿದಿಟ್ಟುಕೊಳ್ಳುತ್ತಿದ್ದರು. ಕೊರೊನಾ ಬಂದ ವರ್ಷ ಅದೇ ಮೊಬೈಲ್ ತರಗತಿಯಾಯಿತು. ಆ ವರ್ಷ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗೆ ತಡೆ ಹಾಕಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆಯಾಜ್ಞೆ ನೀಡಿತು. ಅದೇ ತಿಂಗಳು ಕೇಂದ್ರ ಶಿಕ್ಷಣ ಇಲಾಖೆ 'ಪ್ರಜ್ಞತಾ' ಎಂಬ ಮಾರ್ಗಸೂಚಿ ಹೊರಡಿಸಿತು. 1ರಿಂದ 8ನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಪಾಠ, 9ರಿಂದ 12ನೇ ತರಗತಿಯವರಿಗೆ ನಾಲ್ಕು ಪಾಠ ಮೀರಬಾರದು ಎಂದು ಅದರಲ್ಲಿ ಹೇಳಲಾಗಿತ್ತು. ಮೊಬೈಲ್ ಇಲ್ಲದ ಹಳ್ಳಿ ಮಕ್ಕಳಿಗಾಗಿ ರಾಜ್ಯದಲ್ಲಿ 'ವಿದ್ಯಾಗಮ' ಕಾರ್ಯಕ್ರಮವೂ ನಡೆಯಿತು.

ಶಾಲೆ ಮತ್ತೆ ತೆರೆದವು. ಆದರೆ ಮನೆಯಲ್ಲಿ ಮಗುವಿನ ಕೈಗೆ ಬಂದ ಮೊಬೈಲ್ ವಾಪಸ್ ಹೋಗಲಿಲ್ಲ. ಹೋಮ್‌ವರ್ಕ್, ಫೀ ನೋಟಿಸು, ಪರೀಕ್ಷೆಯ ವೇಳಾಪಟ್ಟಿ, ರಜೆಯ ಸುದ್ದಿ ಎಲ್ಲವೂ ಈಗ ವಾಟ್ಸ್‌ಆ್ಯಪ್‌ನಲ್ಲಿಯೇ ಬರುತ್ತವೆ. ಸೇಡಂ, ಮಳಖೇಡ, ವಾಡಿ, ಶಹಾಬಾದ್ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ತಂದೆ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ತಾಯಿಗೆ ಕೆಲವು ಮನೆಗಳಲ್ಲಿ ಇಂಗ್ಲಿಷ್ ಓದಲು ಬಾರದು. ಹೀಗಾಗಿ ಮನೆಯ ಮೊಬೈಲಿನ ನಿಜವಾದ ಯಜಮಾನ ಏಳನೇ ತರಗತಿಯ ಮಗನೋ ಮಗಳೋ ಆಗಿರುತ್ತಾರೆ. ಪಾಸ್‌ವರ್ಡ್ ಇಟ್ಟವರೂ ಅವರೇ, ಅಪ್ಪನ ಫೋನಿಗೆ ಆ್ಯಪ್ ಹಾಕಿಕೊಡುವವರೂ ಅವರೇ.

ಅಪಾಯಗಳು ಎಂಥವು?

ಮೊದಲನೆಯದು, ಪರಿಚಯದ ವೇಷದಲ್ಲಿ ಬರುವವರು. ಇನ್‌ಸ್ಟಾಗ್ರಾಮಿನಲ್ಲೋ ಆಟದ ಆ್ಯಪಿನೊಳಗಿನ ಚಾಟ್‌ನಲ್ಲೋ ಸಮವಯಸ್ಕರಂತೆ ಮಾತು ಶುರುಮಾಡುತ್ತಾರೆ. ಹತ್ತು ದಿನ ಹೊಗಳುತ್ತಾರೆ. ಆಮೇಲೆ ಒಂದು ಫೋಟೊ ಕೇಳುತ್ತಾರೆ. ಫೋಟೊ ಸಿಕ್ಕ ಮೇಲೆ ಹಣ ಅಥವಾ ಇನ್ನಷ್ಟು ಫೋಟೊ ಕೇಳಿ ಬೆದರಿಸುತ್ತಾರೆ. ಇದು ಹೆಣ್ಣುಮಕ್ಕಳಿಗೆ ಮಾತ್ರ ಆಗುವುದು ಎಂಬ ತಿಳಿವಳಿಕೆ ತಪ್ಪು. ಗಂಡುಮಕ್ಕಳೂ ಸಿಕ್ಕಿಬೀಳುತ್ತಾರೆ, ಅವರು ಹೇಳಿಕೊಳ್ಳುವುದು ಇನ್ನೂ ಕಡಿಮೆ.

ಎರಡನೆಯದು, ಮುಖ ಬದಲಿಸಿದ ಚಿತ್ರ. ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಿಗೆ ಒಂದು ಸಾದಾ ಫೋಟೊ ಸಾಕು. ಮಗು ಯಾರಿಗೂ ಏನನ್ನೂ ಕಳಿಸದಿದ್ದರೂ ಅದರ ಮುಖವನ್ನು ಅಶ್ಲೀಲ ಚಿತ್ರಕ್ಕೆ ಜೋಡಿಸಬಹುದು. ಹಾಗಾಗಿ "ನೀನು ಕಳಿಸಿದ್ದರಿಂದಲೇ ಹೀಗಾಯಿತು" ಎಂದು ವಿಚಾರಿಸದೆ ಹೇಳುವುದು ಅನ್ಯಾಯ.

ಮೂರನೆಯದು, ತರಗತಿಯ ಗುಂಪಿನಲ್ಲಿಯೇ ನಡೆಯುವ ಗೇಲಿ. ಶಿಕ್ಷಕರಿಗೆ ಗೊತ್ತಿಲ್ಲದ ಒಂದು ಗುಂಪನ್ನು ಹುಡುಗರು ಮಾಡಿಕೊಳ್ಳುತ್ತಾರೆ. ಒಬ್ಬನ ಬಣ್ಣ, ಜಾತಿ, ತಂದೆಯ ಕೆಲಸ, ಮಾತಿನ ತೊದಲು ಇವನ್ನೇ ಸ್ಟಿಕರ್ ಮಾಡಿ ಓಡಿಸುತ್ತಾರೆ. ಮೊದಲಾದರೆ ಶಾಲೆಯ ಗಂಟೆ ಹೊಡೆದ ಮೇಲೆ ಗೇಲಿ ಮುಗಿಯುತ್ತಿತ್ತು. ಈಗ ಅದು ಮಗುವಿನ ಹಾಸಿಗೆಯವರೆಗೂ ಬರುತ್ತದೆ.

ನಾಲ್ಕನೆಯದು ಹಣದ್ದು. ಆಟದಲ್ಲಿ ಬಟ್ಟೆ, ಬಂದೂಕು, ನಾಣ್ಯ ಕೊಳ್ಳಲು ಅಪ್ಪನ ಯುಪಿಐ ಪಿನ್ ಬಳಸುವ ಮಕ್ಕಳಿದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೂ ಹೊರದೇಶದಿಂದ ನಡೆಯುವ ಆ್ಯಪ್‌ಗಳ ಲಿಂಕು ಟೆಲಿಗ್ರಾಂ ಮೂಲಕ ಬರಬಹುದು, ಆದ್ದರಿಂದ ಕಾಯ್ದೆ ಇದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಐದನೆಯದು ದಾಖಲೆಗಳದ್ದು. ವಿದ್ಯಾರ್ಥಿವೇತನದ ಅರ್ಜಿ ಹಾಕುವ ಕಾಲದಲ್ಲಿ ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊಗಳು ಝೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಹೋಗುತ್ತವೆ. ಪ್ರಿಂಟ್ ತೆಗೆದ ಮೇಲೆ ಅಲ್ಲಿಯೇ ಉಳಿಯುತ್ತವೆ. "ನಿಮ್ಮ ಮಗನಿಗೆ ಸ್ಕಾಲರ್‌ಶಿಪ್ ಮಂಜೂರಾಗಿದೆ, ಓಟಿಪಿ ಹೇಳಿ" ಎಂದು ಫೋನ್ ಮಾಡುವವನಿಗೆ ಮಗುವಿನ ಹೆಸರು, ತರಗತಿ ಮೊದಲೇ ಗೊತ್ತಿದ್ದರೆ ಪಾಲಕರು ನಂಬುವುದು ಸಹಜ. ರಾಜ್ಯದ ಎಸ್‌ಎಸ್‌ಪಿ ಆಗಲಿ, ಕೇಂದ್ರದ ಎನ್‌ಎಸ್‌ಪಿ ಆಗಲಿ, ಸರ್ಕಾರಿ ಜಾಲತಾಣದ ವಿಳಾಸ 'ಡಾಟ್ ಗವ್ ಡಾಟ್ ಇನ್' ಎಂದೇ ಮುಗಿಯುತ್ತದೆ. ಫೋನಿನಲ್ಲಿ ಓಟಿಪಿ ಕೇಳಿ ವಿದ್ಯಾರ್ಥಿವೇತನ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ.

ಹೇಳಲಾರದ ಮಗು

ಈ ಐದರಲ್ಲಿ ಯಾವುದೇ ಇರಲಿ, ಮೊದಲ ದಿನವೇ ಮಗು ಹೇಳಿದರೆ ಹೆಚ್ಚಿನ ಹಾನಿ ತಪ್ಪುತ್ತದೆ. ಆದರೆ ಮಗು ಹೇಳುವುದಿಲ್ಲ. ಏಕೆ?

ಹೇಳಿದರೆ ಮುಂದೆ ಏನಾಗುತ್ತದೆ ಎಂದು ಅದಕ್ಕೆ ಗೊತ್ತು. "ಮೊದಲ ಮೊಬೈಲ್ ಕೊಡು ಇಲ್ಲಿ" ಎನ್ನುತ್ತಾರೆ. ಆಮೇಲೆ ಹೊಡೆತ. ಹುಡುಗಿಯಾದರೆ "ನಾಳೆಯಿಂದ ಸಾಲಿಗಿ ಹೋಗೂದು ಬ್ಯಾಡ" ಎಂಬ ತೀರ್ಮಾನ. ಹಳ್ಳಿ ಕಡೆ ಹೈಸ್ಕೂಲು, ಕಾಲೇಜಿಗೆ ಬಸ್ ಹಿಡಿದು ಹೋಗುವ ಹುಡುಗಿಯರಿಗೆ ಇದು ಸಣ್ಣ ಮಾತಲ್ಲ. ಓದು ನಿಲ್ಲುತ್ತದೆ, ಲಗ್ನದ ಮಾತು ಶುರುವಾಗುತ್ತದೆ. ಬೆದರಿಸುವವನಿಗೂ ಇದು ಚೆನ್ನಾಗಿ ಗೊತ್ತು. "ನಿಮ್ಮಪ್ಪಗ ಹೇಳ್ತೀನಿ" ಎಂಬ ಒಂದೇ ಮಾತಿನಿಂದ ಅವನು ಆ ಮಗುವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತಾನೆ. ಅಂದರೆ ಅವನ ಕೈಯಲ್ಲಿರುವ ಅಸ್ತ್ರ ಆ ಫೋಟೊ ಒಂದೇ ಅಲ್ಲ, ಮನೆಯವರ ಸಿಟ್ಟೂ ಕೂಡ.

ಆದ್ದರಿಂದ ಪಾಲಕರು ಮಕ್ಕಳಿಗೆ ಒಂದು ಮಾತು ಮುಂಚಿತವಾಗಿ, ಏನೂ ಆಗದೆ ಇರುವಾಗಲೇ ಹೇಳಿಡಬೇಕು: "ಏನೇ ತಪ್ಪಾಗಿದ್ದರೂ ಬಂದು ಹೇಳು. ಹೊಡೆಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ." ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಬೇಕು. ವ್ಯಾಪಾರದಲ್ಲಿ ಒಮ್ಮೆ ಮಾತು ತಪ್ಪಿದವರ ಹತ್ತಿರ ಗಿರಾಕಿ ಮತ್ತೆ ಬರುವುದಿಲ್ಲ, ಮಕ್ಕಳೂ ಹಾಗೆಯೇ.

ಅಪ್ಪ, ಅವ್ವನಿಗೆ ಹೇಳಲು ಆಗದಿದ್ದರೆ ಹೇಳಲು ಇನ್ನೊಬ್ಬರು ಇರಲಿ. ಕಾಕಾ, ಸೋದರತ್ತೆ, ಅಕ್ಕ, ನಂಬಿಕೆಯ ಟೀಚರ್, ಯಾರಾದರೂ ಸರಿ. ಆ ಹೆಸರನ್ನು ಮಗುವೇ ಆರಿಸಿಕೊಳ್ಳಲಿ.

ಶಾಲೆಯಲ್ಲಿ ಮಾಡಬೇಕಾದ ಕೆಲಸ

ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ, ಖಾಸಗಿ ಶಾಲೆಯಲ್ಲಿ ಆಡಳಿತ ಮಂಡಳಿ ಮತ್ತು ಪಾಲಕರ ಸಭೆ ಒಂದು ದಿನ ಕುಳಿತು ನಿರ್ಧರಿಸಬಹುದು.

1. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಮಾಡಬೇಕು. ಗುಂಪಿನಲ್ಲಿ ಪಾಲಕರ ನಂಬರ್ ಇರಲಿ, ಮಕ್ಕಳ ನಂಬರ್ ಬೇಡ. ಅಡ್ಮಿನ್‌ಗಳಾಗಿ ಇಬ್ಬರು ಶಿಕ್ಷಕರಿರಲಿ. ಶಾಲೆ ಬಿಟ್ಟು ಹೋದವರನ್ನು ಪ್ರತಿ ಜೂನ್‌ನಲ್ಲಿ ತೆಗೆಯಬೇಕು.

2. ಶಿಕ್ಷಕರು ವಿದ್ಯಾರ್ಥಿಗೆ ಖಾಸಗಿಯಾಗಿ ಸಂದೇಶ ಕಳಿಸಬಾರದು. ಕಳಿಸಲೇಬೇಕಾದ ಸಂದರ್ಭ ಬಂದರೆ ಪಾಲಕರನ್ನೂ ಸೇರಿಸಿ ಕಳಿಸಬೇಕು. ಈ ನಿಯಮ ಒಳ್ಳೆಯ ಶಿಕ್ಷಕರಿಗೂ ರಕ್ಷಣೆಯೇ.

3. ಫೋಟೊ ಹಾಕುವ ಮುನ್ನ ವರ್ಷದ ಆರಂಭದಲ್ಲಿ ಪಾಲಕರಿಂದ ಬರಹದ ಒಪ್ಪಿಗೆ ಪಡೆಯಬೇಕು. ಗುಂಪಾಗಿ, ಸ್ವಲ್ಪ ದೂರದಿಂದ ತೆಗೆದ ಚಿತ್ರ ಹಾಕಿದರೆ ಸಾಕು. ಮುಖ, ಪೂರ್ಣ ಹೆಸರು, ತರಗತಿ ಮೂರನ್ನೂ ಒಂದೇ ಕಡೆ ಹಾಕಬಾರದು. ಪ್ರವಾಸದ ಚಿತ್ರಗಳನ್ನು ಮಕ್ಕಳು ಊರಿಗೆ ಮರಳಿದ ಮೇಲೆ ಹಾಕಬೇಕು.

4. ಕಂಪ್ಯೂಟರ್ ಕೋಣೆಯಲ್ಲಿ ಪರದೆಗಳು ಶಿಕ್ಷಕರಿಗೆ ಕಾಣುವಂತೆ ಇರಲಿ. ವೈಫೈ ಪಾಸ್‌ವರ್ಡ್ ಗೋಡೆಗೆ ಅಂಟಿಸುವುದು ಬೇಡ. ಮಕ್ಕಳ ದಾಖಲೆ ಇರುವ ಸ್ಯಾಟ್ಸ್ ಮುಂತಾದ ಲಾಗಿನ್‌ಗಳ ಪಾಸ್‌ವರ್ಡ್ ಮುಖ್ಯ ಗುರುಗಳ ಬಳಿ ಇರಬೇಕು, ಸಿಬ್ಬಂದಿ ಬದಲಾದಾಗ ಅದೂ ಬದಲಾಗಬೇಕು. ಶಾಲೆಯ ಇಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿರಬೇಕು.

5. ದೂರು ಕೇಳಲು ಒಬ್ಬ ಶಿಕ್ಷಕಿ, ಒಬ್ಬ ಶಿಕ್ಷಕರ ಹೆಸರನ್ನು ಗೊತ್ತುಮಾಡಿ ಎಲ್ಲ ತರಗತಿಗಳಿಗೂ ತಿಳಿಸಬೇಕು. ದೂರು ಬಂದ ದಿನಾಂಕ, ಕೈಗೊಂಡ ಕ್ರಮ ಬರೆದಿಡುವ ಒಂದು ಪುಸ್ತಕ ಬೀಗದೊಳಗೆ ಇರಬೇಕು. ಅಂಗಡಿಯಲ್ಲಿ ರೋಜ್‌ಮೇಳ ಬರೆಯುವವರಿಗೆ ಇದರ ಬೆಲೆ ಗೊತ್ತು. ಬರೆದಿಡದ ಲೆಕ್ಕ ಕೊನೆಗೆ ಜಗಳಕ್ಕೆ ಹೋಗುತ್ತದೆ.

6. ತಿಂಗಳಿಗೆ ಒಂದು ಪಾಠದ ಅವಧಿಯನ್ನು ಇದಕ್ಕೆ ಮೀಸಲಿಡಬೇಕು. ಕೇಂದ್ರ ಗೃಹ ಇಲಾಖೆ 2021ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಮೊದಲ ಬುಧವಾರವನ್ನು 'ಸೈಬರ್ ಜಾಗರೂಕತಾ ದಿವಸ' ಎಂದು ಆಚರಿಸಲು ಹೇಳಿದೆ. ಆ ದಿನ ಭಾಷಣಕ್ಕಿಂತ, "ಹೀಗೊಂದು ಸಂದೇಶ ಬಂದರೆ ಏನು ಮಾಡುವಿರಿ?" ಎಂದು ಮಕ್ಕಳನ್ನೇ ಕೇಳಿ ಮಾತಾಡಿಸುವುದು ಒಳ್ಳೆಯದು. ಪೊಲೀಸ್ ಠಾಣೆಯಿಂದ ಒಬ್ಬರನ್ನು ಕರೆಸಬಹುದು.

ತುರ್ತು ಸಂದರ್ಭದ ಬಗ್ಗೆಯೂ ಒಂದು ಮಾತು. 2023ರ ಡಿಸೆಂಬರ್ 1ರಂದು ಬೆಂಗಳೂರು ಮತ್ತು ಸುತ್ತಲಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿರುವುದಾಗಿ ಇಮೇಲ್ ಬಂತು. ಪೊಲೀಸರು ಶೋಧಿಸಿದ ಮೇಲೆ ಅದು ಹುಸಿ ಬೆದರಿಕೆ ಎಂದು ಗೊತ್ತಾಯಿತು. ಅಂಥ ಸಮಯದಲ್ಲಿ ಸುಳ್ಳು ಸುದ್ದಿ ನಿಜಕ್ಕಿಂತ ಬೇಗ ಓಡುತ್ತದೆ, ಗಾಬರಿಯಾದ ಪಾಲಕರು ಶಾಲೆಯ ಕಡೆ ಓಡುತ್ತಾರೆ. ಶಾಲೆಯ ಅಧಿಕೃತ ಸುದ್ದಿ ಯಾವ ಗುಂಪಿನಿಂದ, ಯಾರ ನಂಬರಿನಿಂದ ಬರುತ್ತದೆ ಎಂಬುದು ಪಾಲಕರಿಗೆ ಮೊದಲೇ ತಿಳಿದಿದ್ದರೆ ಗೊಂದಲ ಕಡಿಮೆಯಾಗುತ್ತದೆ.

ಮನೆಯಲ್ಲಿ, ಅಂಗಡಿಯಲ್ಲಿ

ವ್ಯಾಪಾರಸ್ಥರ ಮನೆಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಅಂಗಡಿಯ ಗಲ್ಲೆಯ ಮೇಲಿನ ಫೋನಿನಲ್ಲಿಯೇ ಯುಪಿಐ, ಬ್ಯಾಂಕ್ ಸಂದೇಶ, ಜಿಎಸ್‌ಟಿ ಓಟಿಪಿ ಎಲ್ಲ ಇರುತ್ತದೆ. ಸಂಜೆ ಮಗು ಬಂದು "ಅಪ್ಪಾ, ಹೋಮ್‌ವರ್ಕ್ ನೋಡಬೇಕು" ಎಂದರೆ ಅದೇ ಫೋನು ಕೊಡುತ್ತಾರೆ. ಸಾಧ್ಯವಿದ್ದವರು ವ್ಯವಹಾರದ ಫೋನನ್ನು ಬೇರೆಯೇ ಇಡಬೇಕು. ಸಾಧ್ಯವಾಗದಿದ್ದರೆ ಹಣದ ಆ್ಯಪ್‌ಗಳಿಗೆ ಬೇರೆ ಲಾಕ್ ಹಾಕಬೇಕು, ಯುಪಿಐ ಪಿನ್ ಮಕ್ಕಳಿಗೆ ಹೇಳಬಾರದು, ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬೇಕು.

ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸ್‌ಆ್ಯಪ್ ಖಾತೆಗೆ ಆಯಾ ಕಂಪನಿಗಳೇ ಇಟ್ಟಿರುವ ಕನಿಷ್ಠ ವಯಸ್ಸು 13. ಹತ್ತು ವರ್ಷದ ಮಗುವಿಗೆ ಸುಳ್ಳು ಜನ್ಮದಿನಾಂಕ ಹಾಕಿ ಖಾತೆ ತೆರೆದುಕೊಟ್ಟರೆ ಕಂಪನಿಯ ಲೆಕ್ಕದಲ್ಲಿ ಆ ಮಗು ದೊಡ್ಡವರಾಗಿಬಿಡುತ್ತದೆ, ಮಕ್ಕಳಿಗಿರುವ ರಕ್ಷಣೆ ಅದಕ್ಕೆ ಸಿಗುವುದಿಲ್ಲ. 2025ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಇನ್‌ಸ್ಟಾಗ್ರಾಮಿನ 'ಟೀನ್ ಅಕೌಂಟ್' ವ್ಯವಸ್ಥೆಯಲ್ಲಿ ಹದಿಹರೆಯದವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, 16 ವರ್ಷದೊಳಗಿನವರು ಆ ನಿರ್ಬಂಧ ಸಡಿಲಿಸಲು ಪಾಲಕರ ಅನುಮತಿ ಬೇಕು. ಆದರೆ ಸರಿಯಾದ ವಯಸ್ಸು ಕೊಟ್ಟಿದ್ದರೆ ಮಾತ್ರ ಇದರ ಉಪಯೋಗ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನು ಜಾರಿಯಾಗಿದೆ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಸೆಟ್ಟಿಂಗ್ ಇಂದೇ ಮಾಡಿಕೊಳ್ಳಬಹುದು. ಸೆಟ್ಟಿಂಗ್ಸ್, ಪ್ರೈವಸಿ, ಗ್ರೂಪ್ಸ್ ಎಂಬಲ್ಲಿ 'ಮೈ ಕಾಂಟ್ಯಾಕ್ಟ್ಸ್' ಎಂದು ಇಟ್ಟರೆ ಅಪರಿಚಿತರು ಗುಂಪಿಗೆ ಸೇರಿಸಲು ಆಗುವುದಿಲ್ಲ. ಅದೇ ಪ್ರೈವಸಿಯಲ್ಲಿ ಪ್ರೊಫೈಲ್ ಫೋಟೊ ಕೂಡ ಪರಿಚಯದವರಿಗೆ ಮಾತ್ರ ಕಾಣುವಂತೆ ಮಾಡಬಹುದು. ಚಿಕ್ಕ ಮಕ್ಕಳ ಫೋನಿಗೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಹಾಕಿದರೆ ಯಾವ ಆ್ಯಪ್ ಎಷ್ಟು ಹೊತ್ತು ಎಂಬುದನ್ನು ಪಾಲಕರು ಗೊತ್ತುಮಾಡಬಹುದು.

ರಾತ್ರಿ ಮನೆಯವರೆಲ್ಲರ ಫೋನೂ ನಡುಮನೆಯಲ್ಲಿ ಒಂದೇ ಕಡೆ ಚಾರ್ಜಿಗೆ ಇಡುವ ರೂಢಿ ಒಳ್ಳೆಯದು. ಅಪ್ಪನ ಫೋನೂ ಅಲ್ಲಿಯೇ ಇರಬೇಕು. ದೊಡ್ಡವರು ಊಟದ ತಟ್ಟೆಯ ಮುಂದೆ ರೀಲ್ಸ್ ನೋಡುತ್ತ ಮಕ್ಕಳಿಗೆ ಬೇಡ ಎಂದರೆ ಯಾವ ಮಗುವೂ ಕೇಳುವುದಿಲ್ಲ.

ದಾಖಲೆಗಳ ವಿಷಯದಲ್ಲಿ, ಎಲ್ಲಿ ಪೂರ್ಣ ಸಂಖ್ಯೆ ಬೇಕಿಲ್ಲವೋ ಅಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಬಹುದು. ಅದನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಆದ ಮೇಲೆ ಫೈಲನ್ನು ಎದುರಿಗೇ ಅಳಿಸಲು ಹೇಳಬೇಕು. ಇದಕ್ಕೆ ಸಂಕೋಚ ಬೇಡ.

ಸಮಾಜದ ಸಂಘಗಳೂ ಗಮನಿಸಬೇಕು

ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಮಕ್ಕಳಿಗೆ ಪ್ರೋತ್ಸಾಹ ಕೊಡುವ ಒಳ್ಳೆಯ ಕೆಲಸವಿದು. ಆದರೆ ಅರ್ಜಿಯ ಪ್ರಕಟಣೆಯಲ್ಲಿ "ಅಂಕಪಟ್ಟಿ, ಆಧಾರ್, ಫೋಟೊ ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ" ಎಂದು ಬರೆಯುತ್ತಾರೆ. ಆಮೇಲೆ ಅಂಕಪಟ್ಟಿಯ ಚಿತ್ರವನ್ನೇ ಗುಂಪಿಗೆ ಹಾಕಿ ಅಭಿನಂದಿಸುತ್ತಾರೆ. ಅಂಕಪಟ್ಟಿಯಲ್ಲಿ ನೋಂದಣಿ ಸಂಖ್ಯೆ, ಜನ್ಮದಿನಾಂಕ, ತಂದೆ ತಾಯಿಯ ಹೆಸರು ಇರುತ್ತವೆ. ಅಭಿನಂದನೆಗೆ ಇವ್ಯಾವುವೂ ಬೇಕಿಲ್ಲ. ಹೆಸರು, ಊರು, ಪ್ರತಿಶತ ಅಂಕ ಇಷ್ಟು ಸಾಕು, ಅದನ್ನೂ ಪಾಲಕರನ್ನು ಕೇಳಿಯೇ ಹಾಕಬೇಕು. ಅರ್ಜಿಗೆ ಆಧಾರ್ ನಿಜಕ್ಕೂ ಬೇಕೇ ಎಂದು ಪದಾಧಿಕಾರಿಗಳು ಮೊದಲು ಯೋಚಿಸಲಿ. ಪುರಸ್ಕಾರ ಮುಗಿದ ಮೇಲೆ ಬಂದ ದಾಖಲೆಗಳನ್ನು ಅಳಿಸುವ ಜವಾಬ್ದಾರಿ ಒಬ್ಬರಿಗೆ ವಹಿಸಬೇಕು.

ಪಾಠಶಾಲೆ, ಶಿಬಿರ, ವಿದ್ಯಾರ್ಥಿ ನಿಲಯ ನಡೆಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಚಿಂಚೋಳಿ, ಚಿತ್ತಾಪುರ ಕಡೆಯಿಂದ ಮಗುವನ್ನು ದೂರದ ಹಾಸ್ಟೆಲಿಗೆ ಬಿಟ್ಟ ಪಾಲಕರಿಗೆ ವಾರ್ಡನ್ನೇ ಆಧಾರ. ಮಗು ಮನೆಗೆ ಏಕಾಂತದಲ್ಲಿ ಮಾತಾಡಲು ವಾರಕ್ಕೊಮ್ಮೆಯಾದರೂ ಅವಕಾಶ ಇರಬೇಕು. ವಾರ್ಡನ್ ಎದುರಿಗೇ ನಿಂತು ಮಾತಾಡಿಸಿದರೆ ಮಗು ನಿಜ ಹೇಳುವುದಿಲ್ಲ.

ಮಕ್ಕಳ ಮಾಹಿತಿಯ ಬಗ್ಗೆ ದೇಶದಲ್ಲಿ ಈಗ ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತ ಹಂತವಾಗಿ ಜಾರಿಗೆ ಬರುತ್ತವೆ. ಕಲಿಕೆ ಮತ್ತು ಮಕ್ಕಳ ಸುರಕ್ಷತೆಯ ಕೆಲಸಕ್ಕಾಗಿ ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ.

ಘಟನೆ ನಡೆದುಹೋದರೆ

ಮೊದಲು ಮಗುವನ್ನು ಹತ್ತಿರ ಕೂರಿಸಿಕೊಂಡು ಪೂರ್ತಿ ಕೇಳಬೇಕು. ನಡುವೆ ಬೈಯಬಾರದು. "ಹೇಳಿದ್ದು ಒಳ್ಳೆಯದಾಯಿತು" ಎಂಬ ಮಾತು ಮೊದಲು ಬರಲಿ.

ಹಣ ಕೊಡಬಾರದು. ಒಮ್ಮೆ ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ, ಇವರು ಕೊಡುವವರು ಎಂದು ಗೊತ್ತಾಗಿ ಮತ್ತೆ ಕೇಳುತ್ತಾರೆ.

ಚಾಟ್ ಅಳಿಸಬಾರದು. ಬೆದರಿಕೆಯ ಮಾತು, ಖಾತೆಯ ಹೆಸರು, ಲಿಂಕು, ಫೋನ್ ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಆಮೇಲೆ ಆ ಖಾತೆಯನ್ನು ರಿಪೋರ್ಟ್ ಮಾಡಿ ಬ್ಲಾಕ್ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಮಗುವಿನ ಅಶ್ಲೀಲ ಚಿತ್ರವಿದ್ದರೆ ಅದನ್ನು ಸಾಕ್ಷಿ ಎಂದುಕೊಂಡು ಯಾರಿಗೂ ಕಳಿಸಬಾರದು. ಮುಖ್ಯ ಗುರುಗಳಿಗೂ ಬೇಡ, ಸಂಬಂಧಿಕರಿಗೂ ಬೇಡ, ಶಾಲೆಯ ಗುಂಪಿಗಂತೂ ಬೇಡವೇ ಬೇಡ. ಆ ಫೋನನ್ನು ಹಾಗೆಯೇ ಪೊಲೀಸರಿಗೆ ತೋರಿಸಬೇಕು. ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಅಂಥ ಚಿತ್ರವನ್ನು ಅಳಿಸದೆ, ದೂರು ಕೊಡದೆ, ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ. "ನೋಡ್ರಿ, ಇಂಥಾದ್ದು ಓಡಾಡ್ತಾ ಇದೆ" ಎಂದು ಕಾಳಜಿಯಿಂದ ಮುಂದೆ ಕಳಿಸುವವರೂ ಆ ಮಗುವಿಗೆ ಇನ್ನೊಂದು ಸಲ ಹಾನಿ ಮಾಡಿದಂತೆ.

ದೂರು ಕೊಡುವ ದಾರಿಗಳು ಹೀಗಿವೆ:

1930: ಹಣ ಹೋಗಿದ್ದರೆ ತಡಮಾಡದೆ ಈ ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಬೇರೆ ಖಾತೆಗೆ ಹೋಗದಂತೆ ಬ್ಯಾಂಕಿನಲ್ಲಿ ತಡೆಯುವ ಅವಕಾಶ ಹೆಚ್ಚು.

ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣ: ವಿಳಾಸ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ಮಕ್ಕಳು ಮತ್ತು ಮಹಿಳೆಯರ ವಿಷಯದಲ್ಲಿ ಹೆಸರು ಹೇಳದೆಯೂ ಇಲ್ಲಿ ದೂರು ಕೊಡಬಹುದು.

1098: ಮಕ್ಕಳ ಸಹಾಯವಾಣಿ. ಮಗುವೇ ನೇರವಾಗಿ ಕರೆ ಮಾಡಬಹುದು.

112: ಜೀವಕ್ಕೆ ಅಪಾಯವಿದ್ದರೆ ಅಥವಾ ತುರ್ತು ಇದ್ದರೆ.

ಪೊಲೀಸ್ ಠಾಣೆ: ಜಿಲ್ಲೆಗಳಲ್ಲಿ ಸೈಬರ್ ಅಪರಾಧದ ದೂರು ತೆಗೆದುಕೊಳ್ಳುವ ಠಾಣೆ ಇದೆ, ಕಲಬುರಗಿಯಲ್ಲೂ ಇದೆ. ಆದರೆ ಅಲ್ಲಿಯವರೆಗೆ ಹೋಗಲು ಆಗದವರು ಹತ್ತಿರದ ಠಾಣೆಯಲ್ಲಿಯೇ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಘಟನೆ ತಮ್ಮ ಹದ್ದಿನಲ್ಲಿ ನಡೆದಿಲ್ಲ ಎಂದು ಠಾಣೆಯವರು ದೂರು ನಿರಾಕರಿಸುವಂತಿಲ್ಲ.

ಚಿತ್ರ ಅಂತರ್ಜಾಲದಲ್ಲಿ ಹರಡದಂತೆ ತಡೆಯಲು 18 ವರ್ಷದೊಳಗಿನವರಿಗಾಗಿ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಆ ಸೇವೆಯಲ್ಲಿ ಸೇರಿರುವ ಕಂಪನಿಗಳು ಆ ಗುರುತಿನಿಂದ ಚಿತ್ರ ಪತ್ತೆಹಚ್ಚಿ ತೆಗೆಯುತ್ತವೆ.

ಠಾಣೆಗೆ ಹೋಗಲು ಹೆದರುವವರಿಗೆ

"ಪೊಲೀಸ್ ಅಂದರೆ ಊರೆಲ್ಲ ಗೊತ್ತಾಗುತ್ತದೆ, ಮಗಳ ಹೆಸರು ಹಾಳಾಗುತ್ತದೆ" ಎಂಬ ಭಯದಿಂದ ಬಹಳ ಮನೆಗಳು ಸುಮ್ಮನಾಗುತ್ತವೆ. ಈ ಭಯ ಸುಳ್ಳಲ್ಲ. ಅದಕ್ಕಾಗಿಯೇ 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿಗೆ ರಕ್ಷಣೆ ಇಟ್ಟಿದ್ದಾರೆ. ಲೈಂಗಿಕ ಕಿರುಕುಳದ ಪ್ರಕರಣದಲ್ಲಿ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು. ಹೇಳಿಕೆ ಪಡೆಯುವಾಗ ಅವರು ಸಮವಸ್ತ್ರದಲ್ಲಿ ಇರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಗುವಿನ ಹೆಸರು, ಶಾಲೆ, ಮನೆತನದ ಗುರುತು ಪತ್ರಿಕೆಯಲ್ಲಿ ಬರುವಂತಿಲ್ಲ.

ಶಾಲೆಯವರಿಗೂ ಇದು ಗೊತ್ತಿರಬೇಕು. ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಅದೇ ಕಾಯ್ದೆಯ 19ನೇ ಕಲಮು ಹೇಳುತ್ತದೆ. ತಿಳಿಸದಿದ್ದರೆ 6 ತಿಂಗಳವರೆಗೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ 1 ವರ್ಷದವರೆಗೆ ಶಿಕ್ಷೆ ಆಗಬಹುದು. ಶಾಲೆಯ ಹೆಸರು ಉಳಿಸಲು ಎರಡೂ ಮನೆಯವರನ್ನು ಕೂರಿಸಿ ರಾಜಿ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ.

ತಪ್ಪು ಮಾಡಿದವನೂ ಅದೇ ಶಾಲೆಯ ಹುಡುಗನಾಗಿರಬಹುದು. ಅವನೂ 18 ವರ್ಷದೊಳಗಿನ ಮಗುವೇ. ಅವನ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲಿ ನಡೆಯುತ್ತದೆ, ಅವನ ಗುರುತನ್ನೂ ಬಹಿರಂಗಪಡಿಸುವಂತಿಲ್ಲ. ತಿದ್ದಿಕೊಳ್ಳುವ ಅವಕಾಶ ಅವನಿಗೂ ಇದೆ, ಆದರೆ ಅದು ನೊಂದ ಮಗುವಿನ ಬಾಯಿ ಮುಚ್ಚಿಸಿ ಕೊಡುವ ಅವಕಾಶ ಆಗಬಾರದು. ಘಟನೆಯ ಮರುದಿನದಿಂದ ಶಾಲೆಗೆ ಬರಲು ನೊಂದ ಮಗುವಿಗೆ ಏನೇನು ಅನುಕೂಲ ಬೇಕೋ ಅದನ್ನು ಶಾಲೆ ಮಾಡಿಕೊಡಬೇಕು. ಬೆಂಚು ಬದಲಿಸುವುದಾದರೆ ತಪ್ಪು ಮಾಡಿದವನದು ಬದಲಾಗಲಿ.

ಈ ಶೈಕ್ಷಣಿಕ ವರ್ಷ ಪಾಲಕರು ಒಂದು ಸಣ್ಣ ಕೆಲಸದಿಂದ ಆರಂಭಿಸಬಹುದು. ಮಗುವಿನ ಶಾಲಾ ಡೈರಿಯ ಮೊದಲ ಪುಟದಲ್ಲಿ 1098, 1930, 112 ಈ ಮೂರು ನಂಬರ್ ಬರೆಯಿರಿ. ಅದರ ಕೆಳಗೆ, ತೊಂದರೆಯಾದರೆ ಯಾರಿಗೆ ಹೇಳುವೆ ಎಂದು ಮಗುವನ್ನೇ ಕೇಳಿ ಆ ಹೆಸರು ಬರೆಸಿ. ಮಗು ತಂದೆ ತಾಯಿಯ ಹೆಸರು ಬಿಟ್ಟು ಬೇರೆ ಹೆಸರು ಬರೆದರೆ ಬೇಸರ ಮಾಡಿಕೊಳ್ಳಬೇಡಿ. ಆ ವ್ಯಕ್ತಿಯನ್ನು ಭೇಟಿಯಾಗಿ, "ನಮ್ಮ ಮಗು ನಿಮ್ಮ ಹೆಸರು ಬರೆದಿದೆ, ಬಂದಾಗ ಕೇಳಿಸಿಕೊಳ್ಳಿ" ಎಂದು ಹೇಳಿ ಬನ್ನಿ.